ತಟ್ಟೆ ಸ್ಟ್ಯಾಂಡಿನಲ್ಲಿ ಗ್ರಾಫಿಕ್ಸ್ ಕಾರ್ಡು

ನಮ್ಮ ಭಾವನ ಮನೆಯಲ್ಲಿ ಯಾವ ವಸ್ತುವೂ ತನ್ನಿಷ್ಟಕ್ಕೆ ತಾನು ಕೆಡುವಂತಿಲ್ಲ. ಕೆಡಬೇಕಾದರೆ ಮೂವರ ಒಪ್ಪಿಗೆ ಬೇಕು!

ಭಾವ ಎಂದರೆ ನನ್ನ ಅಕ್ಕನ ಗಂಡ. ಸೈನ್ಯದ ವರ್ಕ್‌ಶಾಪಿನಲ್ಲಿ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡುತ್ತಾ ಸುಬೇದಾರರಾಗಿ ನಿವೃತ್ತರಾದವರು. ಈಗ ದೆಹಲಿಯ ಮಯೂರ್ ವಿಹಾರದ ಒಂದು ಅಪಾರ್ಟ್ಮೆಂಟ್ ಸೊಸೈಟಿಯಲ್ಲಿ ಸಂಸಾರ. ಸೈನ್ಯದಲ್ಲಿ ಒಂದು ಕಬ್ಬಿಣದ ಬಕೆಟ್ಟನ್ನೂ ಸುಮ್ಮನೆ ಎಸೆಯುವಂತಿಲ್ಲವಂತೆ. ಮೂವರ ಬೋರ್ಡು ಕೂತು, ಬಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಇನ್ನು ರಿಪೇರಿಗೆ ಬಗ್ಗದು ಎಂದು ಒಕ್ಕೊರಲಿನ ತೀರ್ಪು ಕೊಟ್ಟ ಮೇಲೆಯೇ ಅದಕ್ಕೆ ಮುಕ್ತಿ. ಭಾವ ಸೈನ್ಯ ಬಿಟ್ಟು ಬಂದರು. ಬೋರ್ಡು ಅವರನ್ನು ಬಿಡಲಿಲ್ಲ.

ಮನೆಯ ಬೋರ್ಡಿಗೆ ಭಾವನೇ ಅಧ್ಯಕ್ಷರು. ಸದಸ್ಯರು ನಾನು ಮತ್ತು ಅಕ್ಕನ ಮಗಳು. ನಾನು ಓಖ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವವನು, ಅವರ ಪಕ್ಕದ ಬ್ಲಾಕಿನಲ್ಲೇ ಇದ್ದೇನೆ. ಅಕ್ಕನ ಮಗಳಿಗೆ ನೋಯ್ಡಾದಲ್ಲಿ ಕೆಲಸ. ಅಕ್ಕನಿಗೆ ಮಾತ್ರ ಬೋರ್ಡಿನಲ್ಲಿ ಜಾಗವಿಲ್ಲ. ಯಾಕೆಂದರೆ ಪ್ರತಿಯೊಂದು ವಸ್ತುವಿನ ಮೇಲೂ ದೂರು ತರುವವಳು ಅವಳೇ. ದೂರು ಕೊಟ್ಟವರೇ ತೀರ್ಪು ಕೊಡುವುದು ಎಲ್ಲಿಯ ನ್ಯಾಯ ಎಂದು ಭಾವ ಕೇಳುತ್ತಾರೆ.

ಭಾನುವಾರ ತಿಂಡಿಯಾದ ಮೇಲೆ ಡೈನಿಂಗ್ ಟೇಬಲ್ಲಿನ ಮೇಲೆ ಬೋರ್ಡು ಸೇರುತ್ತದೆ. ಒಮ್ಮೆ ಇಸ್ತ್ರಿ ಪೆಟ್ಟಿಗೆಯ ಸರದಿ ಬಂತು.

"ಬಿಸಿ ಆಗ್ತದಾ?" ಎಂದು ಅಧ್ಯಕ್ಷರು ವಿಚಾರಣೆ ಶುರು ಮಾಡಿದರು.

"ಆಗ್ತದೆ. ಆದರೆ ಆಮೇಲೆ ನಿಲ್ಲೋದೇ ಇಲ್ಲ. ನಿಮ್ಮ ಮೂರು ಪ್ಯಾಂಟು ಸುಟ್ಟಾಯ್ತು," ಎಂದಳು ಅಕ್ಕ.

"ಅಂದ್ರೆ ಬಿಸಿ ಆಗೋದ್ರಲ್ಲಿ ದೋಷ ಇಲ್ಲ!" ಎಂದು ಭಾವ ನಮ್ಮಿಬ್ಬರ ಮುಖ ನೋಡಿದರು. ದೆಹಲಿಯ ಜನವರಿಯಲ್ಲಿ ಅದು ಕೋಣೆ ಕಾಯಿಸಲು ಆಗುತ್ತದೆ ಎಂದು ತೀರ್ಪಾಯಿತು. ಅದು ಈಗಲೂ ಮಂಚದ ಕೆಳಗೆ ಜನವರಿಗಾಗಿ ಕಾಯುತ್ತಿದೆ.

ಇಂಥ ಬೋರ್ಡಿನ ಮುಂದೆ ಕಳೆದ ಬೇಸಿಗೆಯಲ್ಲಿ ಒಂದು ಲ್ಯಾಪ್‌ಟಾಪು ಬಂತು. ಮಗಳು ಕಾಲೇಜಿಗೆ ಸೇರಿದಾಗ ಕೊಂಡದ್ದು. ಈಗಿನವುಗಳ ಹಾಗೆ ಸಪೂರವಲ್ಲ, ಇಟ್ಟಿಗೆಯಷ್ಟು ದಪ್ಪ. ಬ್ಯಾಟರಿ ಸತ್ತಿದೆ, ಮುಚ್ಚಳ ನಿಲ್ಲುವುದಿಲ್ಲ, ಹಿಂದೆ ಒಂದು ಉಪ್ಪಿನಕಾಯಿ ಭರಣಿ ಆನಿಸಿ ಇಟ್ಟರೆ ಮಾತ್ರ ನೆಟ್ಟಗೆ ಕೂರುತ್ತದೆ. ಅಕ್ಕ ಆ ದಿನ ಬೆಳಿಗ್ಗೆ ನನಗೆ ಒಂದರ ಮೇಲೊಂದು ಕಡುಬು ಬಡಿಸಿದ್ದಳು. ಕಡುಬಿನ ಋಣಕ್ಕೆ ಬಿದ್ದ ನಾನು ತಕ್ಷಣ ಹೇಳಿದೆ: "ಇದು ಕಬಾಡಿಗೇ, ಗುಜರಿಗೇ."

"ಸೇಮ್ ಹಿಯರ್. ಪಾಪಾ, ಇದು ಪೂರಾ ಖತಂ ಆಗಿದೆ ಯಾರ್," ಎಂದಳು ಮಗಳು.

ಅಧ್ಯಕ್ಷರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ವಿಡಿಯೊ ಕ್ಯಾಸೆಟ್ ಇತ್ತು. "ಇದಕ್ಕೆ ಇನ್ನೊಂದು ಕೆಲಸ ಬಾಕಿ ಉಂಟು," ಎಂದರು.

ಅಕ್ಕನ ಮುಖ ಸಣ್ಣಗಾಯಿತು. ಯಾಕೆ ಎಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ, ಕೊಡಗಿನ ನಮ್ಮೂರಿನ ಮೈದಾನಕ್ಕೆ ಹೋಗಬೇಕು.

ಅಕ್ಕ ಹಾಕಿ ಆಡುತ್ತಿದ್ದಳು. ಚೆನ್ನಾಗಿಯೇ ಆಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಭಾವ ಗಡಿಯಲ್ಲಿ ಇದ್ದಾಗ, ಒಂದು ಚಳಿಗಾಲ ಊರಿನಲ್ಲಿ ಹೆಂಗಸರ ಪಂದ್ಯ ನಡೆಯಿತು. ಇನ್ನೇನು ಮುಗಿಯಿತು ಎನ್ನುವಾಗ ಅಕ್ಕ ಹೊಡೆದ ಚೆಂಡು ಗೋಲಿನ ಗೆರೆ ದಾಟಿತು. ದಾಟಿತು ಎಂದು ಅಕ್ಕ ಹೇಳುತ್ತಾಳೆ. ದಾಟಲಿಲ್ಲ ಎಂದು ಅಂಪೈರ್ ಹೇಳಿದರು. ಅಕ್ಕನ ತಂಡ ಸೋತಿತು. ನಾನು ಸಾಕ್ಷಿ ಹೇಳೋಣ ಎಂದರೆ ಆ ಹೊತ್ತಿಗೆ ನಾನು ಮೈದಾನಕ್ಕೆ ಬೆನ್ನು ಹಾಕಿ ಕಡಲೆಕಾಯಿ ಕೊಳ್ಳುತ್ತಿದ್ದೆ.

ನಮ್ಮ ಅಪ್ಪ ಅಲ್ಲೇ ಇದ್ದರು. ಅಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರು. ಊರಿನ ಎಲ್ಲ ಮಕ್ಕಳ ಕೈಗಳನ್ನೂ ಮೇಲೆತ್ತಿಸಿ ಇಳಿಸಿದವರು. ಅವರ ಕೈಗಳು ಮಾತ್ರ ಸದಾ ಬೆನ್ನ ಹಿಂದೆ. ಅಮ್ಮ ಹೆಣೆದ ಕಂದು ಸ್ವೆಟರಿಗೆ ಉಣ್ಣೆ ಸಾಲದೆ ಒಂದು ತೋಳು ಹಳದಿಯಾಗಿದ್ದರೂ, ಅದನ್ನೇ ಹಾಕಿಕೊಂಡು ಯಾರೂ ನಗದ ಹಾಗೆ ನಡೆದಾಡುವಷ್ಟು ಗಾಂಭೀರ್ಯ. ಸಾಯಂಕಾಲ ಅಕ್ಕ ಅಳುತ್ತಾ, "ಅಪ್ಪ, ನೀವು ನೋಡಿದ್ರಲ್ಲ, ಅದು ಗೋಲ್ ಅಲ್ವಾ?" ಎಂದು ಕೇಳಿದಳು. "ಅಂಪೈರ್ ಹೇಳಿದ ಮೇಲೆ ಮುಗೀತು. ಮೈದಾನದ ಮಾತು ಮನೇಲಿ ಬೇಡ," ಎಂದರು ಅಪ್ಪ. ಅಕ್ಕ ಸೋಲನ್ನು ಮರೆತಿರಬಹುದು, ಈ ಮಾತನ್ನು ಮರೆಯಲಿಲ್ಲ. ತನ್ನ ಅಪ್ಪನೇ ತನ್ನನ್ನು ನಂಬಲಿಲ್ಲ ಎಂದು ಈಗಲೂ ಹಬ್ಬಕ್ಕೊಮ್ಮೆ ಹೇಳುತ್ತಾಳೆ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು.

ಭಾವನಾದರೂ ಹೆಂಡತಿಯ ಪರ ನಿಂತರೇ? "ಸಾಕ್ಷಿ ಉಂಟಾ?" ಎಂದು ಕೇಳಿದರು. ಹೊಸ ಹೆಂಡತಿಯನ್ನು! ರಜೆಗೆ ಬಂದ ಮೊದಲ ದಿನ!

ಪಂದ್ಯವನ್ನು ವಿಡಿಯೊ ಮಾಡಿದ್ದವರು ಊರಿನ ಮದುವೆ ವಿಡಿಯೊದವರು. ಅವರಿಗೆ ಗೊತ್ತಿದ್ದದ್ದು ಮದುವೆ ಒಂದೇ. ಮಾಂಗಲ್ಯಧಾರಣೆಯಾಗುವಾಗ ಹಿರಿಯರ ಮುಖಗಳನ್ನು ತೋರಿಸುವುದು ಅವರ ಪದ್ಧತಿ. ಹಾಗಾಗಿ ಅಕ್ಕ ಚೆಂಡು ಹೊಡೆದ ಕ್ಷಣಕ್ಕೆ ಸರಿಯಾಗಿ ಕ್ಯಾಮರಾವನ್ನು ತಿರುಗಿಸಿ ಕುರ್ಚಿಯಲ್ಲಿ ಕೂತ ಊರ ಹಿರಿಯರನ್ನು ತೋರಿಸಿದ್ದಾರೆ! ಗೋಲಿನ ಕಂಬ ಒಂದು ಮೂಲೆಯಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಕಾಣುತ್ತದೆ. ಅಲ್ಲೊಂದು ಬಿಳಿ ಚುಕ್ಕೆ. ಉಳಿದದ್ದೆಲ್ಲ ಮಸುಕು. ಹಿರಿಯರು ಕಂದು ಬಣ್ಣದ ಮುದ್ದೆ, ಅವರ ನಡುವೆ ಯಾರೋ ಆಡಿಸುತ್ತಿರುವ ಹಳದಿ ಬಾವುಟ, ಅಷ್ಟೆ.

ಭಾವ ಆ ಕ್ಯಾಸೆಟ್ಟನ್ನು ಒಂದು ಸ್ಟುಡಿಯೊದಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು. ಮಸುಕು ವಿಡಿಯೊವನ್ನು ತಿಳಿ ಮಾಡುವ ಸಾಫ್ಟ್‌ವೇರ್ ಒಂದನ್ನೂ ಹುಡುಕಿದ್ದರು. ಆದರೆ ಅದನ್ನು ಓಡಿಸಲು ಚಿತ್ರಗಳ ಲೆಕ್ಕವನ್ನೆಲ್ಲ ಮಾಡುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕು. ಲ್ಯಾಪ್‌ಟಾಪಿನೊಳಗೆ ಅದು ಹಿಡಿಸುವುದಿಲ್ಲ. ಹಾಗಾದರೆ ಹೊರಗೆ ಇಟ್ಟರಾಯಿತು!

ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯ ಭಯ್ಯಾ ಲ್ಯಾಪ್‌ಟಾಪನ್ನು ನೋಡಿ, ಭಾವನನ್ನು ನೋಡಿ, ಕಡೆಗೆ ಕರುಣೆಯಿಂದ ನನ್ನನ್ನು ನೋಡಿದ. "ಅಂಕಲ್‌ಜೀ, ನಯಾ ಲೇ ಲೋ ನಾ," ಹೊಸದೇ ತಗೊಳ್ಳಿ ಎಂದ.

"ನಯಾ ಕೈಸೇ ಲೇಂ? ಇಸ್ಕಾ ಬೋರ್ಡ್ ನಹೀ ಬೈಠಾ!" ಎಂದರು ಭಾವ, ಇದರ ಮೇಲೆ ಬೋರ್ಡು ಇನ್ನೂ ಕೂತಿಲ್ಲ ಎಂಬ ಅರ್ಥದಲ್ಲಿ.

ಭಯ್ಯಾ ಪಾಪ, ಲ್ಯಾಪ್‌ಟಾಪಿನ ಒಳಗಿನ ಬೋರ್ಡು ಸಡಿಲವಾಗಿದೆ ಎಂದುಕೊಂಡು ಸ್ಕ್ರೂಡ್ರೈವರ್ ತೆಗೆದ. ಅವನಿಗೆ ಬಿಡಿಸಿ ಹೇಳುವ ಶಕ್ತಿ ನನಗಿರಲಿಲ್ಲ.

ಯಾರೋ ಗೇಮ್ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡು ಒಂದು ಮನೆಗೆ ಬಂತು. ಹೊಸ ಲ್ಯಾಪ್‌ಟಾಪುಗಳಿಗೆ ಇಂಥದ್ದನ್ನು ಸಿಕ್ಕಿಸಲು ಬೇರೆ ಕಿಂಡಿಯೇ ಇರುತ್ತದಂತೆ. ಇದಕ್ಕೆಲ್ಲಿ? ಭಾವ ಅದನ್ನು ಕವುಚಿ ಹಾಕಿ, ಹೊಟ್ಟೆಯ ಮುಚ್ಚಳ ಬಿಚ್ಚಿ, ಒಳಗಿದ್ದ ವೈಫೈ ಚಿಪ್ಪನ್ನು ಕಿತ್ತು, ಆ ಜಾಗಕ್ಕೆ ಒಂದು ಕೇಬಲ್ ಸಿಕ್ಕಿಸಿದರು. ಕೇಬಲ್ಲಿನ ಇನ್ನೊಂದು ತುದಿಗೆ ಕಾರ್ಡು. ಕಾರ್ಡಿನಿಂದ ಟಿವಿಗೆ ಮತ್ತೊಂದು ವೈರು. ಕಾರ್ಡಿಗೆ ಕರೆಂಟು ಕೊಡಲು ಹಳೆಯ ಡೆಸ್ಕ್‌ಟಾಪಿನಿಂದ ಕಿತ್ತ ಪವರ್ ಸಪ್ಲೈ. ಆ ಡೆಸ್ಕ್‌ಟಾಪನ್ನು ಹಿಂದೊಮ್ಮೆ ಬೋರ್ಡು ಉಳಿಸಿತ್ತು. "ನೋಡಿದ್ಯಾ? ಅವತ್ತು ಎಸೆದಿದ್ರೆ ಇವತ್ತು ಎಂತ ಮಾಡ್ತಿದ್ವಿ?" ಎಂದು ಭಾವ ಅಕ್ಕನನ್ನು ಕೇಳಿದರು.

"ಸುಖವಾಗಿ ಇರ್ತಿದ್ವಿ," ಎಂದಳು ಅಕ್ಕ.

ಕಾರ್ಡು ನೆಟ್ಟಗೆ ನಿಲ್ಲಬೇಕು, ಸುತ್ತ ಗಾಳಿ ಆಡಬೇಕು. ಅಂಥ ಜಾಗ ಮನೆಯಲ್ಲಿ ಒಂದೇ: ಅಡುಗೆಮನೆಯ ಸ್ಟೀಲಿನ ತಟ್ಟೆ ಸ್ಟ್ಯಾಂಡು. ತಟ್ಟೆಗಳು ಸಿಂಕಿನ ಪಕ್ಕ ರಾಶಿ ಬಿದ್ದವು, ಸ್ಟ್ಯಾಂಡು ಟಿವಿಯ ಪಕ್ಕಕ್ಕೆ ಬಂತು, ಕಾರ್ಡು ಅದರಲ್ಲಿ ವಿರಾಜಮಾನವಾಯಿತು. ಕೇಬಲ್ಲಿಗೆ ಆಚೀಚಿನ ವೈರುಗಳ ಕಾಟ ತಟ್ಟಬಾರದೆಂದು ರೊಟ್ಟಿ ಸುತ್ತುವ ಫಾಯಿಲ್ ಪೂರ್ತಿ ಅದಕ್ಕೇ ಸುತ್ತಿದರು. ಮಗಳ ಡಬ್ಬಿಯ ರೊಟ್ಟಿ ಅಂದಿನಿಂದ ಪೇಪರ್ ನ್ಯಾಪ್ಕಿನ್ನಿನಲ್ಲಿ ನೋಯ್ಡಾಕ್ಕೆ ಹೋಯಿತು.

ಕಾರ್ಡು ಬಿಸಿಯಾಗುತ್ತದೆ ಎಂದು ಕೂಲರನ್ನು ಅದರ ಕಡೆಗೆ ತಿರುಗಿಸಿದರು. ಸರಿ, ನಮಗೂ ಸ್ವಲ್ಪ ತಂಪು ಸಿಕ್ಕೀತು ಎಂದುಕೊಂಡರೆ, ಕಾರ್ಡಿಗೆ ತೇವ ಆಗದು ಎಂದು ಕೂಲರಿನ ನೀರನ್ನೆಲ್ಲ ಖಾಲಿ ಮಾಡಿದರು! ಮೇ ತಿಂಗಳ ದೆಹಲಿಯಲ್ಲಿ ನೀರಿಲ್ಲದ ಕೂಲರಿನ ಗಾಳಿಗೆ ಕೂತವರಿಗೇ ಗೊತ್ತು ಅದೇನು ಎಂದು. ಹಪ್ಪಳ ಒಣಗಿಸಬಹುದಿತ್ತು.

ಇನ್ನು ಅದನ್ನು ಚಾಲೂ ಮಾಡುವ ಕ್ರಮ. ಮೊದಲು ಯಾವುದನ್ನು ಹಾಕಬೇಕು, ಲ್ಯಾಪ್‌ಟಾಪೋ ಕಾರ್ಡೋ? ಒಂದು ಸ್ವಲ್ಪ ಮುಂಚೆಯಾದರೂ ತಪ್ಪು, ತಡವಾದರೂ ತಪ್ಪು. ಭಾವ ಇದನ್ನು ಕವಾಯತು ಮಾಡಿಬಿಟ್ಟರು. ನಾನು ಲ್ಯಾಪ್‌ಟಾಪಿನ ಗುಂಡಿಯ ಮೇಲೆ ಬೆರಳಿಟ್ಟು ನಿಲ್ಲಬೇಕು. ಮಗಳು ಪವರ್ ಸಪ್ಲೈಯ ಸ್ವಿಚ್ಚು ಹಿಡಿಯಬೇಕು. ಭಾವ ನಡುವೆ ನಿಂತು "ರೆಡೀ... ಆನ್!" ಎಂದು ಗರ್ಜಿಸುವರು. ಪಕ್ಕದ ಮನೆಯ ಪಂಜಾಬಿ ಆಂಟಿ ಎರಡು ಸಲ ಬಾಗಿಲು ತಟ್ಟಿ, "ಸಬ್ ಠೀಕ್ ಹೈ ನಾ?" ಎಂದು ವಿಚಾರಿಸಿಕೊಂಡು ಹೋದರು.

ಎಷ್ಟೋ ಭಾನುವಾರಗಳ ಕವಾಯತಿನ ಮೇಲೆ ಲ್ಯಾಪ್‌ಟಾಪು ಕಾರ್ಡನ್ನು ಗುರುತು ಹಿಡಿಯಿತು. ಗುರುತು ಹಿಡಿದು ಒಂದು ಸಂದೇಶ ಕೊಟ್ಟಿತು. ಮಗಳು ಓದಿ ಹೇಳಿದಳು: "ಮಮ್ಮೀ, ಇದನ್ನು ನಡೆಸೋಕೆ ತನ್ನ ಹತ್ರ ತಾಕತ್ತಿಲ್ಲ ಅಂತಿದೆ."

"ಇದನ್ನ ನಾನು ಮೊದಲ ದಿನಾನೇ ಹೇಳಿದ್ದೆ. ನನ್ನ ಮಾತು ಯಾರು ಕೇಳ್ತೀರಿ?" ಎಂದಳು ಅಕ್ಕ.

ಅದು ಬಿಟ್ಟರೆ ಅಕ್ಕ ಈ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಒಮ್ಮೆ ಮಾತ್ರ ಅಡುಗೆಮನೆಯಲ್ಲಿ ನನ್ನನ್ನು ತಡೆದು, "ಅದನ್ನ ನೋಡಿ ಎಂತ ಆಗ್ಬೇಕು ಹೇಳು. ಚೆಂಡು ಗೆರೆ ದಾಟ್ಲಿಲ್ಲ ಅಂತ ಕಂಡ್ರೆ? ಅಪ್ಪ ಹೇಳಿದ್ದೇ ಸರಿ ಅಂತ ಆಗ್ತದಲ್ಲ ಕಣೋ," ಎಂದಳು. ಇಷ್ಟು ದಿನ ನಾನು ಇದನ್ನೊಂದು ತಮಾಷೆ ಎಂದುಕೊಂಡಿದ್ದೆ.

ಕಡೆಗೆ ಭಾವ ಒಂದು ಭಾನುವಾರ ಲ್ಯಾಪ್‌ಟಾಪಿನ ಮೆಮೊರಿಯಲ್ಲಿ ಅರ್ಧವನ್ನು ಕಿತ್ತು ಹಾಕಿದರು. ಹಳೆಯ ಯಂತ್ರಕ್ಕೆ ಎಲ್ಲವನ್ನೂ ಒಟ್ಟಿಗೆ ಹೊರಲಾಗುವುದಿಲ್ಲ, ಏನನ್ನಾದರೂ ಇಳಿಸಿದರೆ ಹೊಸದಕ್ಕೆ ಜಾಗವಾಗುತ್ತದೆ ಎಂದು ಎಲ್ಲೋ ಓದಿದ್ದರಂತೆ. "ರೆಡೀ... ಆನ್!" ಟಿವಿಯ ಮೇಲೆ ಚಿತ್ರ ಮೂಡಿತು. ಬನಿಯನ್ನಿನಲ್ಲಿದ್ದ ಭಾವ ಸದ್ದಿಲ್ಲದೆ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದರು.

ಬೆಳಿಗ್ಗೆ ಕೊಟ್ಟ ಆ ಚೂರು ವಿಡಿಯೊವನ್ನು ಕಾರ್ಡು ಸಾಯಂಕಾಲ ಚಹಾದ ಹೊತ್ತಿಗೆ ತೊಳೆದು ಕೊಟ್ಟಿತು. ಅಕ್ಕ ಬರುವುದಿಲ್ಲ ಎಂದವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಟಿವಿಯಲ್ಲಿ ಅಕ್ಕ ಓಡಿ ಬಂದಳು, ಎರಡು ಜಡೆಯ ತೆಳ್ಳನೆಯ ಅಕ್ಕ. ಸ್ಟಿಕ್ಕು ಬೀಸಿದಳು. ಕ್ಯಾಮರಾ ತಿರುಗಿತು. ಭಾವ ನಿಲ್ಲಿಸಿ, ಮೂಲೆಯ ಬಿಳಿ ಚುಕ್ಕೆಯನ್ನು ದೊಡ್ಡದು ಮಾಡಿದರು.

ಅದು ಚೆಂಡಲ್ಲ. ಅಂಪೈರಿನ ಬಿಳಿ ಬೂಟು.

ಭಾವನ ಮುಖ ನೋಡಲಾಗುತ್ತಿರಲಿಲ್ಲ. ವಿಡಿಯೊವನ್ನು ಮುಚ್ಚಿಬಿಡಬೇಕೆಂದು ಹೊರಟವರ ಕೈ ತಪ್ಪಿ ಅದು ಮುಂದಕ್ಕೆ ಓಡಿತು. ಕುರ್ಚಿಯ ಹಿರಿಯರು ಬಂದರು. ಈಗ ಅವರು ಮುದ್ದೆಯಾಗಿರಲಿಲ್ಲ; ಮೀಸೆ, ಟೋಪಿ, ಕೋಟು ಎಲ್ಲ ಬೇರೆಬೇರೆಯಾಗಿದ್ದವು. ಹಳದಿ ಬಾವುಟವೂ ಬಂತು.

"ಅದು ಬಾವುಟ ಅಲ್ಲ," ಎಂದಳು ಅಕ್ಕ.

ಅದು ಸ್ವೆಟರಿನ ತೋಳು. ಕಂದು ಸ್ವೆಟರಿನ ಒಂದೇ ಒಂದು ಹಳದಿ ತೋಳು. ಎಲ್ಲರೂ ಕೂತಿದ್ದ ಸಾಲಿನಲ್ಲಿ ಒಬ್ಬರೇ ಕುರ್ಚಿಯಿಂದ ಎದ್ದು, ಎರಡೂ ಕೈಗಳನ್ನು ಆಕಾಶಕ್ಕೆತ್ತಿ, ನೆಲ ಬಿಟ್ಟು ಹಾರಿದ್ದರು. ನಮ್ಮ ಅಪ್ಪ! ಮುಖ ಇನ್ನೂ ಅಷ್ಟೇನೂ ಸ್ಪಷ್ಟವಿರಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು. ನಾನು ಅವರನ್ನು ಜೀವಮಾನದಲ್ಲಿ ಹಾಗೆ ನೋಡಿರಲಿಲ್ಲ. ಮರುಕ್ಷಣ ಕೈಗಳು ಇಳಿದು, ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡವು.

ಭಾವ ಎದ್ದು ನಿಂತರು. "ಬೋರ್ಡು ನೋಡಿದೆ. ಗೋಲ್."

"ಲೇಕಿನ್ ಪಾಪಾ, ಬಾಲ್ ಕಾಣಿಸಲೇ ಇಲ್ವಲ್ಲ," ಎಂದಳು ಮಗಳು.

"ಡ್ರಿಲ್ ಮಾಸ್ತರು ಸುಮ್ಮಸುಮ್ಮನೆ ಕೈ ಎತ್ತೋರಲ್ಲ ಮಗಾ," ಎಂದರು ಭಾವ.

ಲ್ಯಾಪ್‌ಟಾಪಿನ ಮೇಲೆ ಆಮೇಲೆ ಯಾರೂ ಬೋರ್ಡು ಕೂರಿಸಲಿಲ್ಲ. ತಟ್ಟೆಗಳು ಇಂದಿಗೂ ಸಿಂಕಿನ ಪಕ್ಕವೇ ಇವೆ, ಅಕ್ಕ ಒಮ್ಮೆಯೂ ದೂರು ಕೊಟ್ಟಿಲ್ಲ. ಆ ಸಾಯಂಕಾಲ ಅವಳು ಟಿವಿಯ ಹತ್ತಿರ ಹೋದಳು. ಅಪ್ಪ ಕೈ ಎತ್ತಿದ ಜಾಗಕ್ಕೆ ಮತ್ತೆ ತರುವಂತೆ ಭಾವನಿಗೆ ಸನ್ನೆ ಮಾಡಿ, ಆ ಹಳದಿ ತೋಳನ್ನು ದುಪಟ್ಟಾದ ಅಂಚಿನಿಂದ ಮೆಲ್ಲಗೆ ಒರೆಸಿದಳು. ಟಿವಿಯ ಮೇಲೆ ಧೂಳೇನೂ ಇರಲಿಲ್ಲ.