ಪದ್ಮಯ್ಯನ ಅಂಗಳ, ರುಕಿಯಾಳ ಕೋರ್ಟು

ತೊಂದರೆಗೆಲ್ಲ ಕಾರಣ ಪಂಚಾಯಿತಿಯವರು ಹಾಕಿಸಿದ ಆ ಸಿಮೆಂಟು ನೆಲ. ವಾಮದಪದವಿನಲ್ಲಿ ಅಷ್ಟು ಅಗಲದ, ಬೆಳಗಿನಿಂದ ಸಂಜೆವರೆಗೂ ಬಿಸಿಲು ಬೀಳುವ ನೆಲ ಅದೊಂದೇ. ಎರಡು ತುದಿಗೂ ಕಂಬ ನೆಟ್ಟು ರಿಂಗು ಹಾಕಿಸಿದ್ದರಿಂದ ರುಕಿಯಾ ಅದನ್ನು ಬಾಸ್ಕೆಟ್‌ಬಾಲ್ ಕೋರ್ಟು ಎನ್ನುತ್ತಿದ್ದಳು. ಪಕ್ಕದ ತೋಟದ ಪದ್ಮಯ್ಯ ಅದನ್ನು ಅಂಗಳ ಎನ್ನುತ್ತಿದ್ದ.

ರುಕಿಯಾ ಟೈಲರ್. ಜೊತೆಗೆ ತಾಲೂಕು ಮಹಿಳಾ ಬಾಸ್ಕೆಟ್‌ಬಾಲ್ ಸಂಘದ ಕಾರ್ಯದರ್ಶಿ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಕುರ್ಚಿ ಎಂದರೆ ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲೇ. ಸಂಘಕ್ಕೆ ಮಾನ್ಯತೆ ಕೊಡಿ ಎಂದು ಮೂರು ವರ್ಷ ಅರ್ಜಿ ಬರೆದ ಮೇಲೆ, 1998ರ ಡಿಸೆಂಬರಿನ ಆ ದಿನ ಮಧ್ಯಾಹ್ನ ಮೂರಕ್ಕೆ ಮಂಗಳೂರಿನಿಂದ ಅಧಿಕಾರಿ ಬರುವವರಿದ್ದರು. ಖಾಲಿ ಕೋರ್ಟು ಇರಬೇಕು, ಆಡುವ ತಂಡ ಇರಬೇಕು. ಇಲ್ಲದಿದ್ದರೆ ಹುಡುಗಿಯರು ಜಿಲ್ಲಾ ಪಂದ್ಯಕ್ಕೆ ಹೋಗುವಂತಿಲ್ಲ.

ಬೆಳಿಗ್ಗೆ ಬಂದು ನೋಡಿದರೆ ಗೋಲಿ ಅಂಗಡಿ ಮಗುಚಿಬಿದ್ದ ಹಾಗೆ ಕೋರ್ಟಿನ ತುಂಬ ಅಡಿಕೆ.

"ಪದ್ಮಯ್ಯಣ್ಣ, ಇವತ್ತೊಂದು ದಿನ ತೆಗೀರಿ."

"ಇನ್ನೂ ಹತ್ತು ಬಿಸಿಲು ಬೇಕು ಮಾರಾಯ್ತಿ. ಒಣಗದಿದ್ರೆ ಅಡಿಕೆಗೆ ಬೂಷ್ಟು ಬರ್ತದೆ. ಹುಡುಗಿಯರು ಒಂದು ದಿನ ಹಾರದಿದ್ರೆ ಏನು ಬರ್ತದೆ?"

"ಸಿಟ್ಟು ಬರ್ತದೆ!"

ನೆರೆಮನೆಯ ಆಯಿಶಮ್ಮ, ಯಾರೂ ಕರೆಯದಿದ್ದರೂ, ನ್ಯಾಯ ಹೇಳಲು ಬಂದರು. "ಅರ್ಧ ಅವನಿಗೆ, ಅರ್ಧ ನಿಮಗೆ. ಮುಗೀತಲ್ಲ?"

ಅರ್ಧದಲ್ಲಿ ಆಟ ಶುರುವಾಯಿತು. ಐದೇ ನಿಮಿಷಕ್ಕೆ ನಾಯಕಿ ಕುಸುಮ ಉರುಳುವ ಅಡಿಕೆ ಮೇಲೆ ಕಾಲಿಟ್ಟು, ಚಕ್ರ ಕಟ್ಟಿದವಳಂತೆ ಜಾರಿ ಹೋಗಿ ಇನ್ನರ್ಧದ ನಡುವೆ ಕೂತಳು.

"ಅಯ್ಯೋ, ಪೆಟ್ಟಾಯ್ತಾ?" ಪದ್ಮಯ್ಯ ಕುಂಟುತ್ತಲೇ ಓಡಿ ಬಂದು ಅಡಿಕೆಯನ್ನು ತಡವಿ ನೋಡಿದ.

ಮೂರಕ್ಕೆ ಅಧಿಕಾರಿ ಬಸ್ಸಿಳಿದರು. ಅದೇ ಹೊತ್ತಿಗೆ ಆಕಾಶ ಕಪ್ಪಾಯಿತು. ಪದ್ಮಯ್ಯನ ಮುಖ ಅದಕ್ಕಿಂತ ಕಪ್ಪಾಯಿತು. ಮನೆಯಲ್ಲಿ ಇದ್ದವರು ಅವನೂ ಅವನ ಮಂಡಿನೋವೂ ಮಾತ್ರ.

"ನೆನೀಲಿ ಬಿಡಿ ಅಕ್ಕ," ಎಂದಳು ಕುಸುಮ, ಸೊಂಟ ಉಜ್ಜಿಕೊಳ್ಳುತ್ತ.

ರುಕಿಯಾ ಲೆಕ್ಕ ಹಾಕಿದಳು. ನೆನೆದರೆ ಹತ್ತಲ್ಲ, ಇಪ್ಪತ್ತು ಬಿಸಿಲು ಬೇಕು. ಸೀಟಿ ಊದಿದಳು.

ಹತ್ತು ಹುಡುಗಿಯರು ಸಾಲಾಗಿ ನಿಂತರು. ಅಡಿಕೆ ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ಹಾರುತ್ತ ಪದ್ಮಯ್ಯನ ಕೊಟ್ಟಿಗೆ ಸೇರಿದವು. ಕೊನೆಯ ಅಡಿಕೆಯನ್ನು ಕುಸುಮ ರಿಂಗಿನೊಳಗಿಂದ ಎಸೆದಳು. ಆಮೇಲೆ ಮಳೆ ಸುರಿಯಿತು.

ಆಯಿಶಮ್ಮನ ಕೊಡೆಯೊಳಗೆ ಮುದುಡಿ ನಿಂತಿದ್ದ ಅಧಿಕಾರಿ, "ಇಂಥ ಪಾಸಿಂಗು ನಾನು ಮಂಗಳೂರಲ್ಲೂ ನೋಡ್ಲಿಲ್ಲ. ಕೋರ್ಟೂ ಖಾಲಿ ಉಂಟು," ಎಂದು ಅಲ್ಲೇ ಸಹಿ ಹಾಕಿದರು.

ಪದ್ಮಯ್ಯ ಕಣ್ಣೊರೆಸಿಕೊಂಡ. "ಈ ಆಟ ನಿಲ್ಲಬಾರ್ದು ರುಕಿಯಾ. ನಾನು ಊರಿಗೆಲ್ಲ ಹೇಳ್ತೇನೆ."

ಹೇಳಿಯೂ ಹೇಳಿದ.

ಮರುದಿನ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ರುಕಿಯಾ ಮಾನ್ಯತೆಯ ಪತ್ರ ಚೀಲದಲ್ಲಿಟ್ಟುಕೊಂಡು, ಹುಡುಗಿಯರನ್ನು ಕರೆದುಕೊಂಡು ಬಂದಳು. ಕೋರ್ಟಿನಲ್ಲಿ ಐದು ಮನೆಯ ಅಡಿಕೆ ಹರಡಿತ್ತು. ಎರಡೂ ರಿಂಗಿನಲ್ಲಿ, ಒಣಗಲು ಹಾಕಿದ ರಬ್ಬರ್ ಹಾಲಿನ ಶೀಟುಗಳು ಒಗೆದ ಲುಂಗಿಯ ಹಾಗೆ ತೂಗುತ್ತಿದ್ದವು.

"ಬಾ ಬಾ!" ಪದ್ಮಯ್ಯ ಎದ್ದು ನಿಂತು ಸ್ವಾಗತಿಸಿದ. "ಮಳೆ ಬಂದ್ರೂ ಹೆದರಿಕೆ ಇಲ್ಲ, ನಮ್ಮ ಟೀಮು ಉಂಟು ಅಂತ ಎಲ್ಲರಿಗೂ ಹೇಳಿದೆ."

ರುಕಿಯಾ ಅವನ ಕುರ್ಚಿಯನ್ನೇ ಎಳೆದು ಹತ್ತಿ, ರಬ್ಬರ್ ಶೀಟನ್ನು ಇಳಿಸಿ ಅವನ ಹೆಗಲಿಗೆ ಹಾಕಿದಳು.

"ಕುಸುಮ, ಹಾಕು ಚೆಂಡು."

ಚೆಂಡು ರಿಂಗಿನಿಂದ ಇಳಿದು ಅಡಿಕೆಯ ನಡುವೆ ಧೊಪ್ಪನೆ ಬಿತ್ತು. ಐದು ಮನೆಯವರೂ ಒಟ್ಟಿಗೆ ಕೂಗಿಕೊಂಡರು. ರುಕಿಯಾ ಚೀಲದಿಂದ ಸ್ಕೋರು ಪುಸ್ತಕ ತೆಗೆದು ಎರಡು ಅಂಕ ಬರೆದಳು.