ತೊಂಬತ್ತು ಪರ್ಸೆಂಟ್ ನೆರಳು

ಷಡ್ಡಕ ಎನ್ನುವ ಸಂಬಂಧವನ್ನು ದೇವರು ಯಾಕೆ ಸೃಷ್ಟಿಸಿದನೋ ಸೋಮಶೇಖರಪ್ಪನಿಗೆ ಇವತ್ತಿಗೂ ಅರ್ಥವಾಗಿಲ್ಲ. ಅಣ್ಣತಮ್ಮಂದಿರಾದರೆ ಜಗಳವಾಡಿ ಪಾಲು ಮಾಡಿಕೊಂಡು ದೂರವಾಗಬಹುದು. ಪಕ್ಕದ ತೋಟದವನಾದರೆ ಬೇಲಿ ಗಟ್ಟಿ ಮಾಡಿಸಿ ಮಾತು ಬಿಡಬಹುದು. ಹೆಂಡತಿಯ ತಂಗಿಯ ಗಂಡನನ್ನು ಏನು ಮಾಡುವುದು? ಪ್ರತಿ ಹಬ್ಬಕ್ಕೂ ಬಂದು ಪಕ್ಕದ ಎಲೆಗೇ ಕೂರುತ್ತಾನೆ. ಅವನ ಎಲೆಗೆ ಅತ್ತೆ ಎರಡು ಹೋಳಿಗೆ ಬಡಿಸಿ ತನ್ನ ಎಲೆಗೆ ಒಂದೂವರೆ ಬಡಿಸಿದ್ದನ್ನು ಸೋಮಶೇಖರಪ್ಪ ಹದಿನಾಲ್ಕು ವರ್ಷವಾದರೂ ಮರೆತಿಲ್ಲ. (ಉಳಿದರ್ಧ ಹೋಳಿಗೆ ಕಾವಲಿಗೆ ಅಂಟಿಕೊಂಡಿತ್ತು ಎಂದು ಆ ಪುಣ್ಯಾತ್ಗಿತ್ತಿ ತೀರಿಕೊಳ್ಳುವ ತನಕ ಹೇಳುತ್ತಲೇ ಇದ್ದರು. ಇವನು ನಂಬಲಿಲ್ಲ.)

ಈ ಸಲದ ಹೊಟ್ಟೆಯುರಿಗೆ ಕಾರಣ ಮಾತ್ರ ಹೋಳಿಗೆಯಲ್ಲ, ಕಾಳುಮೆಣಸು. ಕಳಸದ ಹತ್ತಿರ ಮಾವ ಷಡಕ್ಷರಿಯವರ ಮನೆಯ ಹಿಂದೆ ಅವರ ತಾಯಿ ತಮ್ಮ ಕೈಯಾರೆ ನೆಟ್ಟಿದ್ದ ಮೆಣಸಿನ ಬಳ್ಳಿಯೊಂದಿತ್ತು. ಅಂಥ ದಪ್ಪ ಕಾಳು ಸುತ್ತಮುತ್ತ ಯಾರ ತೋಟದಲ್ಲೂ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಅದಕ್ಕೆ ಸೊರಗು ರೋಗ ಹಿಡಿಯಿತು. ಪೂರ್ತಿ ಒಣಗುವ ಮೊದಲು, ಶಿವರಾತ್ರಿ ಕಳೆದ ಮೇಲೆ, ಮಾವ ರೋಗ ತಾಗದ ಹಂಬುಗಳನ್ನೆಲ್ಲ ಕತ್ತರಿಸಿ ಇಬ್ಬರು ಅಳಿಯಂದಿರಿಗೂ ನೂರು ನೂರು ತುಂಡು ಹಂಚಿದರು.

"ಚಿಗುರಿಸಿ ಕೊಡಿ. ರೋಹಿಣಿ ಮಳೆ ಬಿದ್ದ ಮೇಲೆ ನಾನೇ ಬಂದು ನೋಡ್ತೀನಿ. ಯಾರದ್ದು ಚೆನ್ನಾಗಿ ಬಂದಿದೆಯೋ ಅದನ್ನ ತಗೊಂಡು ಹೋಗಿ ಮನೆ ಮುಂದೆ ನೆಡ್ತೀನಿ" ಎಂದರು.

ಮಾತು ಸಣ್ಣದೇ. ಸೋಮಶೇಖರಪ್ಪನ ಕಿವಿಗೆ ಮಾತ್ರ ಅದು ಸ್ವಯಂವರದ ಡಂಗುರದಂತೆ ಕೇಳಿಸಿತು. ಮಾವನ ಮನೆ ಮುಂದೆ ಇನ್ನು ನೂರು ವರ್ಷ ಯಾರ ಬಳ್ಳಿ ನಿಂತಿರಬೇಕು? ಮೂಡಿಗೆರೆಯ ಸೋಮಶೇಖರಪ್ಪನದೋ, ಅಲ್ಲಿಂದ ನಾಲ್ಕೇ ಮೈಲಿ ಆಚೆ ತೋಟ ಮಾಡಿಕೊಂಡಿರುವ ಆ ಹಾಲೇಶನದೋ?

ಹದಿನೈದು ದಿನ ಕಳೆಯುವುದರೊಳಗೆ ಹೆಂಡತಿ ಶಾಂತಕುಮಾರಿ ತಂಗಿಯ ಮನೆಗೆ ಎರಡು ಸಲ ಹೋಗಿ ಬಂದು ವರದಿ ಒಪ್ಪಿಸಿದಳು.

"ರೀ, ಹಾಲೇಶ ಕಾಫಿ ಕಣದಲ್ಲಿ ನೆಟ್ ಕಟ್ಟಿದಾನೆ. ಮೇಲೆ ನೆರಳಿನ ನೆಟ್, ಒಳಗೆ ತೆಳ್ಳಗಿನ ಬಿಳಿ ಬಟ್ಟೆ, ಕೆಳಗೆ ಕಳೆ ಬಾರದ ಹಾಗೆ ಕಪ್ಪು ಚಾಪೆ. ಏನ್ ಚಂದ ಅಂತೀರಿ! ಒಂದು ತುಂಡೂ ಒಣಗಿಲ್ಲ."

"ಗಿಡಕ್ಕೆ ಬಟ್ಟೆ ಹೊದಿಸ್ತಾನಾ? ಇನ್ನು ಸ್ವೆಟರ್ ಒಂದು ಹೆಣೆದು ಹಾಕ್ಲಿ."

"ನೀವೂ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಗೊತ್ತಿಲ್ಲದ್ದನ್ನ ಕೇಳಿದ್ರೆ ತಪ್ಪೇನು?"

"ಯಾರನ್ನ? ಅವನನ್ನಾ? ಮೂವತ್ತು ವರ್ಷದಿಂದ ನೆರಳಿನ ಕೆಳಗೆ ಕಾಫಿ ಬೆಳೀತಿದೀನಿ ಮಾರಾಯ್ತಿ. ನನಗೆ ನೆರಳು ಅಂದ್ರೆ ಏನು ಅಂತ ಅವನು ಹೇಳ್ಕೊಡಬೇಕಾ?"

ಬಾಯಲ್ಲಿ ಹೀಗೆ ಹೇಳಿದನೇ ಹೊರತು ಮನಸ್ಸು ತಡೆಯಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಸ್ಕೂಟರ್ ಹತ್ತಿ ಹೋದ. ಹಾಲೇಶನ ಬೇಲಿಯ ಹತ್ತಿರ ಇಂಜಿನ್ ಬಂದ್ ಮಾಡಿ, ದಾಸವಾಳದ ಸಂದಿಯಿಂದ ಕತ್ತು ಉದ್ದ ಮಾಡಿ ಇಣುಕಿದ. ಕಣದಲ್ಲಿ ಕಂಬ ನೆಟ್ಟು ಹಸಿರು ಪರದೆ ಕಟ್ಟಿದ್ದರು. ಅಂಚು ಮಡಚಿ ನೀಟಾಗಿ ಹೊಲಿದು, ಬಾಗಿಲ ಪರದೆಗೆ ಹಾಕುವಂಥ ಬಳೆ ಪೋಣಿಸಿ, ಬೇಕೆಂದಾಗ ಎಳೆದು ಬೇಡವೆಂದಾಗ ಸರಿಸುವ ಏರ್ಪಾಡು. ಇದೇನು ನರ್ಸರಿಯೋ ನವದಂಪತಿಗಳ ಶಯನಗೃಹವೋ ಎಂದು ಸೋಮಶೇಖರಪ್ಪ ಮೂಗು ಮುರಿಯುವಷ್ಟರಲ್ಲಿ ನಾಯಿ ಬೊಗಳಿತು. ಹಿಂದೆಯೇ ಹಾಲೇಶ ಬಂದ.

"ಅಯ್ಯೋ, ಅಣ್ಣ! ಬಿಸಿಲಲ್ಲಿ ಯಾಕೆ ನಿಂತಿದೀರಿ? ಒಳಗೆ ಬನ್ನಿ, ನೆಟ್ ತೋರಿಸ್ತೀನಿ."

ಹಾಲೇಶನ ಕೆಟ್ಟ ಗುಣವೇ ಇದು. ಯಾವಾಗಲೂ ನಗುತ್ತಾನೆ, ಏನು ಕೇಳಿದರೂ ಹೇಳುತ್ತಾನೆ. ಅಸೂಯೆ ಪಡುವವನಿಗೆ ಒಂದಿಷ್ಟಾದರೂ ಅನುಕೂಲ ಮಾಡಿಕೊಡಬೇಕೆಂಬ ಸೌಜನ್ಯ ಬೇಡವೇ?

"ಇಲ್ಲ ಹಾಲೇಶ, ಸುಮ್ನೆ ಹೋಗ್ತಿದ್ದೆ. ದೇವರಮನೆ ಬೆಟ್ಟದ ಗುಡಿಗೆ."

"ಈ ಬಿಸಿಲಲ್ಲಾ? ಒಳ್ಳೇದು ಅಣ್ಣ, ಹೋಗ್ಬನ್ನಿ" ಎಂದು ಹಾಲೇಶ ರಸ್ತೆಗೇ ಬಂದು ಕೈಬೀಸುತ್ತ ನಿಂತ. ಅವನ ಕಣ್ಣೆದುರಿಗೆ ಸ್ಕೂಟರ್ ತಿರುಗಿಸುವ ಹಾಗಿರಲಿಲ್ಲ. ಸೋಮಶೇಖರಪ್ಪ ನಿಜವಾಗಿಯೂ ದೇವರಮನೆಗೆ ಹೋದ. ನೆತ್ತಿ ಸುಡುವ ಹೊತ್ತಿನಲ್ಲಿ ಭೈರವೇಶ್ವರನಿಗೆ ಅಡ್ಡಬಿದ್ದು, ಹಾಲೇಶನ ನೂರು ತುಂಡಿನಲ್ಲಿ ಐವತ್ತಾದರೂ ಒಣಗಲಪ್ಪಾ ಎಂದು ಬೇಡಿಕೊಂಡ. (ಎಲ್ಲವೂ ಒಣಗಲಿ ಎಂದು ಬೇಡಲಿಲ್ಲ. ಎಷ್ಟಾದರೂ ಒಳ್ಳೆಯ ಮನೆತನದವನು.)

ಅಲ್ಲಿಂದ ಇಳಿದವನೇ ಚಿಕ್ಕಮಗಳೂರಿನ ನೆಟ್ ಅಂಗಡಿಗೆ ಹೋದ. ಅಂಗಡಿಯವನು, "ಎಷ್ಟು ಪರ್ಸೆಂಟ್ ಕೊಡ್ಲಿ ಸಾರ್?" ಎಂದ.

"ಏನೇನಿದೆ?"

"ಐವತ್ತು, ಎಪ್ಪತ್ತೈದು, ತೊಂಬತ್ತು. ಮೆಣಸಿನ ಬಳ್ಳಿಗಾದ್ರೆ ಎಲ್ರೂ ಐವತ್ತೇ ಒಯ್ಯೋದು. ಮೊನ್ನೆ ನಿಮ್ಮ ಕಡೆಯವರೇ ಒಬ್ರು ಹಾಲೇಶ್ ಅಂತ..."

ಅಷ್ಟು ಸಾಕಾಯಿತು. ಐವತ್ತು! ಎಸ್ಸೆಸ್ಸೆಲ್ಸಿಯಲ್ಲೂ ಹಾಲೇಶನಿಗೆ ಅಷ್ಟೇ ಬಂದಿದ್ದೆಂದು ಸೋಮಶೇಖರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. "ತೊಂಬತ್ತು ಕೊಡಿ" ಎಂದ. ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. "ತೊಂಬತ್ತು ಅಂದೆನಲ್ರೀ!" ಎಂದ ಮೇಲೆ ಮುಚ್ಚಿದ.

ಹಾಲೇಶ ಬಟಾಬಯಲು ಕಣದಲ್ಲಿ ಕಟ್ಟಿದ್ದನಲ್ಲ, ಸೋಮಶೇಖರಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮನೆಯ ಹಿಂದೆ, ಹಲಸಿನ ಮರದ ಕೆಳಗೆ ಕಟ್ಟಿಸಿದ. ಮೇಲೆ ಹಲಸು, ಪಕ್ಕದಲ್ಲಿ ಸಾಲು ಸಿಲ್ವರ್ ಓಕ್, ಅದರ ಕೆಳಗೆ ತೊಂಬತ್ತರ ಪರದೆ, ಪರದೆಯ ಕೆಳಗೆ ಅಲ್ಲಿಯ ತನಕ ಜಗಲಿಯ ಮೂಲೆಯಲ್ಲಿ ಮಣ್ಣಿನ ಚೀಲಗಳಲ್ಲಿದ್ದ ನೂರು ತುಂಡು. ಒಳಗೆ ಹೋದರೆ ಮಟಮಟ ಮಧ್ಯಾಹ್ನದಲ್ಲೂ ಟಾರ್ಚ್ ಬೇಕಿತ್ತು.

"ಕತ್ತಲೆ ಜಾಸ್ತಿ ಆಯ್ತು ಕಣ್ರೀ" ಎಂದಳು ಶಾಂತಕುಮಾರಿ.

"ತಂಪು ಅಂತಾರೆ ಅದಕ್ಕೆ."

ಆಶ್ಚರ್ಯವೆಂದರೆ ಬಳ್ಳಿಗಳು ಚಿಗುರಿದವು. ಚಿಗುರಿದ್ದೇನು, ದಡದಡ ಎದ್ದವು! ಸೋಮಶೇಖರಪ್ಪ ಭಾನುವಾರಕ್ಕೊಮ್ಮೆ ಟೇಪು ಹಿಡಿದು ಅಳೆಯತೊಡಗಿದ. ಹಾಲೇಶನ ಬಳ್ಳಿ ಒಂದು ಗೇಣು ಎಂದು ಶಾಂತಕುಮಾರಿ ಹೇಳಿದ ದಿನ ಇವನದು ಒಂದೂವರೆ ಅಡಿಯಿತ್ತು. ಟೇಪಿನ ಸಮೇತ ಫೋಟೋ ತೆಗೆದು ಮಾವನ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಹಾಲೇಶನಿಂದ ಉತ್ತರ ಬಂತು: 'ಅಣ್ಣ, ಉದ್ದ ಬಂದಿದೆ. ಸ್ವಲ್ಪ ಬೆಳಕು ಬೇಕೇನೋ?'

"ನೋಡಿದ್ಯಾ, ನೋಡಿದ್ಯಾ!" ಸೋಮಶೇಖರಪ್ಪ ಫೋನು ಹಿಡಿದು ಅಡುಗೆಮನೆಗೆ ಓಡಿದ. "ಹೊಟ್ಟೆಕಿಚ್ಚು! ಮನುಷ್ಯನಿಗೆ ಇಷ್ಟು ಹೊಟ್ಟೆಕಿಚ್ಚು ಇರಬಾರ್ದು ಕಣೆ ಶಾಂತಾ."

ಶಾಂತಕುಮಾರಿ ರೊಟ್ಟಿ ತಿರುವಿ ಹಾಕಿ, "ಹೌದು, ಇರಬಾರ್ದು" ಎಂದಳು.

ಅವಳು ಬುಧವಾರ ಬುಧವಾರ ತಪ್ಪದೆ ಬಸ್ಸು ಹತ್ತಿ ತಂಗಿ ಸುಪ್ರಿಯಾಳ ಮನೆಗೆ ಹೋಗುವುದು ಬೇರೆ ಶುರುವಾಗಿತ್ತು. ಸಂಜೆ ಬಂದವಳ ಬಾಯಲ್ಲಿ ಹಾಲೇಶನ ಬಿಳಿ ಬಟ್ಟೆ, ಹಾಲೇಶನ ಪರದೆ, ಹಾಲೇಶನ ಎಲೆಯ ಬಣ್ಣ. ಕಟ್ಟಿಕೊಂಡ ಹೆಂಡತಿ ಇನ್ನೊಬ್ಬನ ಗಿಡವನ್ನು ಹೊಗಳುವುದನ್ನು ಕೇಳುತ್ತ ಮುದ್ದೆ ನುಂಗುವುದು ಎಂಥ ಹಿಂಸೆ ಎಂದು ಅನುಭವಿಸಿದವರಿಗೇ ಗೊತ್ತು. ಒಂದು ಬುಧವಾರ ಅವನು ತಡೆಯಲಾರದೆ, "ಅಲ್ಲೇ ಇದ್ದುಬಿಡು, ಬಸ್ ಚಾರ್ಜಾದ್ರೂ ಉಳಿಯುತ್ತೆ" ಎಂದ. "ನಿಮಗೆ ಊಟ ಯಾರು ಹಾಕ್ತಾರೆ?" ಎಂದು ಅವಳು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ರೋಹಿಣಿ ಮಳೆ ಎರಡು ಸಲ ಬಿದ್ದು ಬಿಟ್ಟಿತು. ಷಡಕ್ಷರಿಯವರು ಜೀಪು ಮಾಡಿಕೊಂಡು ಬಂದಿಳಿದರು. ಮೊದಲು ತನ್ನ ಮನೆಗೇ ಬರಬೇಕೆಂದು ಸೋಮಶೇಖರಪ್ಪ ಮೂರು ಸಲ ಫೋನು ಮಾಡಿ ಗಟ್ಟಿ ಮಾಡಿಕೊಂಡಿದ್ದ. ಹಾಲೇಶ, ಸುಪ್ರಿಯಾ ಇಬ್ಬರನ್ನೂ ಕರೆಸಿದ್ದ. ಸೋಲನ್ನು ಅವರು ಕಣ್ಣಾರೆ ನೋಡಲಿ ಎಂದು.

"ಬನ್ನಿ ಮಾವ" ಎಂದು ಹಲಸಿನ ಮರದ ಕೆಳಗೆ ಕರೆದುಕೊಂಡು ಹೋಗಿ, ಪ್ರತಿಮೆ ಅನಾವರಣ ಮಾಡುವ ಮಂತ್ರಿಯ ಗತ್ತಿನಲ್ಲಿ ಪರದೆಯನ್ನು ಸರಕ್ಕನೆ ಎಳೆದ.

ಬೆಳಕು ಒಳಗೆ ಬಿತ್ತು. ನೂರು ಬಳ್ಳಿಗಳೂ ಬಿಳಿಚಿಕೊಂಡು, ಸಣಕಲಾಗಿ, ಒಂದರ ಮೇಲೊಂದು ಒರಗಿ ನಿಂತಿದ್ದವು. ಎಲೆಗೂ ಎಲೆಗೂ ನಡುವೆ ಒಂದು ಮಾರು ಅಂತರ. (ಒಂದು ಮಾರಲ್ಲ, ಒಂದು ಚೋಟು. ಆದರೆ ಆ ಹೊತ್ತಿಗೆ ಮಾರಾಗಿಯೇ ಕಂಡಿತು.) ಮಾವ ಕನ್ನಡಕ ಹಾಕಿಕೊಂಡು ಒಂದು ಬಳ್ಳಿಯನ್ನು ಎತ್ತಿ ಹಿಡಿದರು. ಅದು ಬೆಂದ ಶಾವಿಗೆಯ ಹಾಗೆ ಅವರ ಬೆರಳಿನಿಂದ ಜೋತುಬಿತ್ತು.

"ಇದೇನು ಅಳಿಯಂದ್ರೆ, ಹುರುಳಿಕಾಳು ಮೊಳಕೆ ಕಟ್ಟಿಸಿದ ಹಾಗಿದೆಯಲ್ಲ?"

"ಎತ್ತರ ನೋಡಿ ಮಾವ, ಎರಡೂಕಾಲು ಅಡಿ..."

"ಬೆಳಕು ಹುಡುಕ್ಕೊಂಡು ಎದ್ದಿರೋದು ಕಣಪ್ಪ ಅದು. ನೆರಳು ಹೆಚ್ಚಾದ ಕಾಫಿ ಗಿಡ ಹೀಗೇ ಅಲ್ವಾ ಮೇಲೇಳೋದು? ನಿಮಗೆ ಗೊತ್ತಿಲ್ಲದ್ದೇ?" ಮಾವ ಬಳ್ಳಿಯನ್ನು ಮೆಲ್ಲಗೆ ಮಲಗಿಸಿದರು. "ಇರಲಿ, ಮುಚ್ಚಿಬಿಡಿ. ಒಮ್ಮೆಗೇ ಇಷ್ಟು ಬೆಳಕು ನೋಡಿ ಹೆದರ್ಕೊಂಡಾವು."

ಸೋಮಶೇಖರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ವರ್ಷವರ್ಷವೂ ಆಳುಗಳನ್ನು ಮರ ಹತ್ತಿಸಿ, ಕಾಫಿಗೆ ಬೆಳಕು ಬೀಳಲೆಂದು ಕೊಂಬೆ ಕಡಿಸುವ ಪ್ಲಾಂಟರು ಅವನು. ಹಾಲೇಶನ ಮೇಲಿನ ಸಿಟ್ಟಿನಲ್ಲಿ ಅಷ್ಟೂ ವಿದ್ಯೆಯನ್ನು ಹಲಸಿನ ಮರದ ಕೆಳಗೆ ಹೂತಿಟ್ಟಿದ್ದ.

ಜೀಪು ಹಾಲೇಶನ ಕಣಕ್ಕೆ ಹೋಯಿತು. ಪರದೆ ಸರಿಸಿದರೆ ಒಳಗೆ ಗಿಡ್ಡಗೆ, ಗುಂಡುಗುಂಡಗೆ, ಕಡುಹಸಿರು ಎಲೆ ಬಿಟ್ಟ ಬಳ್ಳಿಗಳು. ಷಡಕ್ಷರಿಯವರು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಎಲೆ ಮುಟ್ಟಿದರು. "ಅಮ್ಮನದೇ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಆ ಕ್ಷಣ ಸೋಮಶೇಖರಪ್ಪನೂ ಹೊಟ್ಟೆಕಿಚ್ಚು ಮರೆತು ಎಲೆ ಮುಟ್ಟಲು ಬಗ್ಗಿದ. ಆದರೆ ಮಾವ ಎದ್ದು ಹಾಲೇಶನ ಬೆನ್ನು ತಟ್ಟಿದ್ದನ್ನು ಕಂಡದ್ದೇ ಬಗ್ಗಿದವನು ಸೆಟೆದು ನಿಂತ.

"ಹೇಗಪ್ಪ ಮಾಡಿದೆ?"

ಹಾಲೇಶ ತಲೆ ಕೆರೆದುಕೊಂಡ. "ನಂದೇನಿದೆ ಮಾವ? ಎಲ್ಲ ಅಕ್ಕನದೇ."

"ಯಾವ ಅಕ್ಕ?" ಎಂದು ಕೇಳಿದವನು ಸೋಮಶೇಖರಪ್ಪ.

"ನಮ್ಮ ಶಾಂತಕ್ಕ! ಐವತ್ತರ ನೆಟ್ ತರಿಸಿದ್ದು ಅವರು. ಬೇರು ಬಿಡೋ ತನಕ ಬಿಳಿ ಬಟ್ಟೆ ಹೊದಿಸಿ, ಆಮೇಲೆ ತೆಗೀರಿ ಅಂದಿದ್ದು ಅವರು. ಬುಧವಾರ ಬುಧವಾರ ಬಂದು ನಮ್ಮ ಮಿಷನ್ನಲ್ಲೇ ಕೂತು ಅಂಚು ಹೊಲಿದು, ಬಳೆ ಹಾಕಿ, ಎಷ್ಟು ಗಂಟೆಗೆ ಎಳೀಬೇಕು ಎಷ್ಟು ಗಂಟೆಗೆ ಸರಿಸಬೇಕು ಅಂತ ಗೋಡೆ ಮೇಲೆ ಬರೆದಿಟ್ಟು ಹೋಗಿದಾರೆ. ನಾನು ನೀರು ಹಾಕಿದ್ದು ಅಷ್ಟೇ. ಅಣ್ಣನಿಗೆ ಗೊತ್ತಿರಬೇಕಲ್ಲ?"

ಅಣ್ಣ ಹೆಂಡತಿಯ ಕಡೆ ತಿರುಗಿದ. ಮೂರು ತಿಂಗಳು ಹಗಲೂ ರಾತ್ರಿ ತಾನು ಕರುಬಿದ್ದು ಇವಳ ಕೆಲಸಕ್ಕೇ! ಮಾವನ ಎದುರಿಗೆ ದನಿ ಎತ್ತುವಂತಿರಲಿಲ್ಲ.

"ನಿನಗೆ ಇದೆಲ್ಲ ಎಲ್ಲಿ ಗೊತ್ತಾಯ್ತು?"

"ಸ್ತ್ರೀಶಕ್ತಿ ಸಂಘದಿಂದ ಎರಡು ದಿನ ಟ್ರೇನಿಂಗ್‌ಗೆ ಹೋಗಿರ್ಲಿಲ್ವಾ? ನೀವು ಪಿಕ್‌ನಿಕ್ ಅಂದ್ಕೊಂಡ್ರಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನೀವು ಟೇಪ್ ಹಿಡ್ಕೊಂಡಿದ್ರಿ."

ಷಡಕ್ಷರಿಯವರು ಹಾಲೇಶನ ಕಣದಿಂದ ಅರವತ್ತು ಬಳ್ಳಿ ಜೀಪಿಗೆ ಏರಿಸಿಕೊಂಡರು. ಹೊರಡುವಾಗ ದೊಡ್ಡ ಮಗಳ ತಲೆ ನೇವರಿಸಿ, ದೊಡ್ಡ ಅಳಿಯನಿಗೆ, "ಅಳಿಯಂದ್ರೆ, ನಿಮ್ಮದೂ ಸತ್ತಿಲ್ಲ. ನಮ್ಮ ಶಾಂತನ್ನ ಒಂದು ಮಾತು ಕೇಳಿ, ಉಳ್ಕೊಳ್ತವೆ" ಎಂದರು.

ಮರುದಿನ ಬೆಳಿಗ್ಗೆ ಸೋಮಶೇಖರಪ್ಪ ಬಹಳ ಹೊತ್ತು ಜಗಲಿಯಲ್ಲಿ ಶತಪಥ ತಿರುಗಿ, ಕಡೆಗೆ ಕೆಮ್ಮಿದ.

"ಶಾಂತಾ, ನಮ್ಮ ನರ್ಸರಿನೂ ಒಂಚೂರು ನೋಡ್ತೀಯಾ?"

"ಇವತ್ತು ಬುಧವಾರ ಅಲ್ವಾ? ಹಾಲೇಶ ಏಲಕ್ಕಿ ಸಸಿಗೆ ನೆಟ್ ಕಟ್ಟಬೇಕಂತೆ. ನಾಳೆ ನೋಡೋಣ."

"ಗಂಡ ನಾನು! ನನಗೆ ನಾಳೆ, ಅವನಿಗೆ ಇವತ್ತಾ?"

"ಅವನು ಮೊದಲೇ ಕೇಳಿದಾನಲ್ರೀ. ಅದೂ ಅಲ್ದೆ, ನಾನು ಹೋದ ತಕ್ಷಣ ಕೂರಿಸಿ ತಾನೇ ಕಾಫಿ ಮಾಡ್ಕೊಡ್ತಾನೆ."

ಸೋಮಶೇಖರಪ್ಪನ ಎದೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. ಕಾಫಿ ತಾನೇ? ಎಷ್ಟು ಎಕರೆ ಕಾಫಿ ಇದೆ ತನ್ನ ಹತ್ತಿರ! ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಅಡುಗೆಮನೆಗೆ ನುಗ್ಗಿ, ಸಕ್ಕರೆಯೆಂದು ಉಪ್ಪಿನ ಡಬ್ಬಿಗೆ ಕೈಹಾಕಿ, ಮೂಸಿ ನೋಡಿ, ಬಿಟ್ಟು, ಹಾಲು ಉಕ್ಕಿಸಿ, ಕೈ ಸುಟ್ಟುಕೊಂಡು, ಅರ್ಧ ಗಂಟೆಯ ಮೇಲೆ ಒಂದು ಲೋಟ ಕಾಫಿಯನ್ನು ತಟ್ಟೆಯಲ್ಲಿಟ್ಟು ತಂದು ಹೆಂಡತಿಯ ಮುಂದೆ ನಿಂತ. ಶಾಂತಕುಮಾರಿ ಚೀಲ ಕೆಳಗಿಟ್ಟು, ಕೂತು, ನಿಧಾನವಾಗಿ ಒಂದು ಗುಟುಕು ಕುಡಿದಳು. ಅವನು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡಿದ.

"ಪರವಾಗಿಲ್ಲ. ಹಾಲೇಶ ಡಿಕಾಕ್ಷನ್ ಇನ್ನೊಂಚೂರು ಗಟ್ಟಿ ಇಳಿಸ್ತಾನೆ" ಎಂದಳು.