ಮಸಗುಪ್ಪಿ ಹೊಂಡದ ದಂಡೆಯ ಮೇಲೆ ನನ್ನ ಉಪನ್ಯಾಸ

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಲಿಸಿ ಕಲಿಸಿ ನನಗೊಂದು ಚಟ ಅಂಟಿದೆ. ಎದುರಿಗೆ ನಾಲ್ಕು ಜನ ಸುಮ್ಮನೆ ನಿಂತದ್ದು ಕಂಡರೆ ಸಾಕು, ಅವರಿಗೆ ಏನಾದರೂ ತಿಳಿಸಿ ಹೇಳಬೇಕು ಎನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೆ ದವಾಖಾನೆಯಲ್ಲಿ ಡಾಕ್ಟರಿಗೇ ತಿಳಿಸಿ ಹೇಳಿದ್ದೇನೆ. ಆ ಚಟ ನನ್ನನ್ನು ಕಪ್ಪು ಪ್ಲಾಸ್ಟಿಕ್ ಹಾಸಿದ ಒಂದು ಹೊಂಡದ ತಳಕ್ಕೆ ಕುಳಿತ ಭಂಗಿಯಲ್ಲೇ ಇಳಿಸಿದ ಸಂಗತಿಯನ್ನು ಈಗ ಹೇಳುತ್ತೇನೆ.

ನಮ್ಮ ಓಣಿಗೆ ದಿನಾ ಬೆಳಗ್ಗೆ ಕಸದ ಗಾಡಿ ಬರುತ್ತದೆ. ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಬೇಕು ಎಂದು ಗಾಡಿಯ ಮೈಕು ಹಾಡಿ ಹೇಳುತ್ತದೆ. ನಾನು ಮೊದಲ ದಿನದಿಂದಲೇ ಎರಡು ಬಕೆಟ್ ಇಟ್ಟವಳು. ಎದುರು ಮನೆಯ ಶಾಂತಕ್ಕ ಮಾತ್ರ ಒಂದೇ ಬಕೆಟ್‌ನವಳು. ಬಾಳೆಹಣ್ಣಿನ ಸಿಪ್ಪೆ, ಹಾಲಿನ ಪಾಕೀಟು, ಮೊಮ್ಮಗನ ಡೈಪರು, ಅತ್ತೆಯ ಗುಳಿಗೆಯ ಪಟ್ಟಿ, ಎಲ್ಲವೂ ಒಂದರಲ್ಲೇ. ನಾನು ಕೇಳಿದರೆ ಅವಳ ವಾದ ನೇರವಾಗಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಬೇಕು, ಎರಡು ಕೂಸು ಆಡಿಸಬೇಕು, ಎಂಟು ಮಂದಿಗೆ ರೊಟ್ಟಿ ಬಡಿಯಬೇಕು. ಅದರ ನಡುವೆ ಕಸ ಆರಿಸುತ್ತ ಕೂಡಲು ತನಗೆ ಮೂರನೆಯ ಕೈ ಇಲ್ಲ. ಇಷ್ಟು ಮಾಡಿದರೂ ಕಡೆಗೆ ಎಲ್ಲವೂ ಹೋಗಿ ಬೀಳುವುದು ಒಂದೇ ಗುಂಡಿಗೆ. ನಾನು ಹಾಗಲ್ಲ ಎನ್ನುತ್ತಿದ್ದೆ. ಈಗ ಮಾಡುವ ಗುಂಡಿ ಬರೀ ಗುಂಡಿಯಲ್ಲ, ಅದೊಂದು ವೈಜ್ಞಾನಿಕ ರಚನೆ. ಹಸಿ ಕಸ ಗೊಬ್ಬರಕ್ಕೆ, ಒಣ ಕಸ ಮರುಬಳಕೆಗೆ, ಎರಡಕ್ಕೂ ಬಾರದ್ದು ಮಾತ್ರ ಅಲ್ಲಿಗೆ. ಈ ಜಗಳ ವರ್ಷಗಟ್ಟಲೆ ನಡೆಯಿತು. ನಾವಿಬ್ಬರೂ ಆ ಗುಂಡಿಯನ್ನು ಕಂಡವರಲ್ಲ ಎಂಬುದು ಇಬ್ಬರಿಗೂ ಅಡ್ಡಿಯಾಗಲಿಲ್ಲ.

ಒಂದು ದಿನ ಓಣಿಯ ಹೆಂಗಸರೆಲ್ಲ ಗಾಡಿಗಾಗಿ ನಿಂತಿದ್ದಾಗ ಶಾಂತಕ್ಕ ಕೇಳಿಯೇಬಿಟ್ಟಳು.

"ಬಾಯಾರ, ಅಲ್ಲಿ ಹೆಂಗೈತಿ ಅಂತ ನೀವು ಕಣ್ಣಾರೆ ನೋಡೀರೇನ್ರಿ?"

ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಎನ್ನುತ್ತಾರೆ. ಆ ಮರ್ಯಾದೆ ಹೊತ್ತವರ ಬಾಯಿಂದ ಇಲ್ಲ ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ. ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದುಬಿಟ್ಟೆ. ಹಾಗಾದರೆ ತನ್ನ ಬಕೆಟ್ಟನ್ನೂ ತರುವೆ, ಅದರೊಳಗಿನ ಯಾವುದು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿರಿ ಎಂದು ಶಾಂತಕ್ಕ ಷರತ್ತು ಹಾಕಿದಳು.

ಆ ವಾರವೆಲ್ಲ ಫೋನಿನಲ್ಲಿ ಕಸದ ಗುಂಡಿಯ ವಿನ್ಯಾಸ ಓದಿದೆ. ತಳಕ್ಕೆ ಬಡಿದು ಗಟ್ಟಿ ಮಾಡಿದ ಜೇಡಿಮಣ್ಣು, ಅದರ ಮೇಲೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಸು, ಕಸದಿಂದ ಇಳಿಯುವ ವಿಷದ ರಸ ಬಾವಿ ಬೋರುಗಳಿಗೆ ಸೇರದಂತೆ ಹೊರಗೆ ಒಯ್ಯುವ ಪೈಪು, ದಿನಾ ಮೇಲೊಂದು ಮಣ್ಣಿನ ಹೊದಿಕೆ. ಪರೀಕ್ಷೆಗೆ ಹುಡುಗರು ಉರು ಹೊಡೆಯುವಂತೆ ಉರು ಹೊಡೆದೆ. ಭಾನುವಾರ ಹೊರಡುವಾಗ ನಮ್ಮ ಮನೆಯವರು, ಅಲ್ಲಿ ಯಾರಿಗಾದರೂ ಫೋನು ಮಾಡಿದ್ದೀಯಾ, ಜಾಗ ಎಲ್ಲಿದೆ ಎಂದು ಸರಿಯಾಗಿ ಗೊತ್ತಾ ಎಂದು ಕೇಳಿದರು. ಕಸ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ, ಮೂಡಲಗಿ ಕಡೆ ಎಂದು ಗೊತ್ತಿದೆ, ಅಷ್ಟು ಸಾಕು ಎಂದೆ. ಅವರು ಮತ್ತೆ ಪೇಪರು ಓದತೊಡಗಿದರು.

ಒಂದು ಟಂಟಂ ರಿಕ್ಷಾ ಗೊತ್ತು ಮಾಡಿ ಆರು ಹೆಂಗಸರು ಹೊರಟೆವು. ಶಾಂತಕ್ಕನ ಬಕೆಟ್ಟು ಅವಳ ತೊಡೆಯ ಮೇಲೆ, ನನ್ನ ಮೂಗಿನ ಎದುರಿಗೆ. ಮೂಡಲಗಿ ರಸ್ತೆಯ ಒಂದು ಚಹಾದಂಗಡಿಯ ಮುಂದೆ ಇಳಿದು ದಾರಿ ಕೇಳಿದೆ. ಅಲ್ಲಿ ಜನ ಬಿಸಿ ಬಿಸಿ ಭಜಿ ತಿನ್ನುತ್ತಿದ್ದರು. ತಿನ್ನುವವರ ಮುಂದೆ ಕಸದ ಮಾತು ಎತ್ತುವುದು ಸಭ್ಯತೆಯಲ್ಲ ಎಂದು, ಹೊಸದಾಗಿ ದೊಡ್ಡ ಗುಂಡಿ ತೋಡಿ ಕರಿ ಪ್ಲಾಸ್ಟಿಕ್ ಹಾಸಿದ್ದಾರಲ್ಲ, ಅದು ಎಲ್ಲಿ ಎಂದಷ್ಟೇ ಕೇಳಿದೆ. ಆ ಒಂದು ಸಭ್ಯತೆಯೇ ಎಲ್ಲ ಕೆಡಿಸಿತು. ಅಂಗಡಿಯವನು ಕ್ಷಣವೂ ಯೋಚಿಸದೆ, ಮಸಗುಪ್ಪಿಯ ಕಾಲುವೆ ಬದಿಗೆ ಹೋಗಿ, ಬಹಳ ಚೆಂದ ಮಾಡಿದ್ದಾರೆ, ಮಂದಿ ನೋಡಲು ಬರುತ್ತಾರೆ ಎಂದ. ನಾನು ತಿರುಗಿ ಶಾಂತಕ್ಕನ ಮುಖ ನೋಡಿದೆ. ಕಸದ ಗುಂಡಿಯನ್ನು ಜನ ನೋಡಲು ಬರುತ್ತಾರೆ ಎಂದರೆ ವಿಜ್ಞಾನ ಗೆದ್ದ ಹಾಗೆಯೇ.

ಕಾಲುವೆ ಬದಿಯಲ್ಲಿ ಕಬ್ಬಿನ ಹೊಲಗಳ ನಡುವೆ ನಿಜಕ್ಕೂ ಇತ್ತು. ಚೌಕಾಕಾರದ ದೊಡ್ಡ ಹೊಂಡ, ನಾಲ್ಕೂ ಬದಿಗೆ ಇಳಿಜಾರು, ಮೇಲಿನಿಂದ ತಳದವರೆಗೆ ಒಂದು ಸುಕ್ಕಿಲ್ಲದ ಕಪ್ಪು ಹಾಸು. ಸುತ್ತ ತಂತಿಬೇಲಿ. ಒಂದು ಮೂಲೆಯಲ್ಲಿ ಪೈಪು. ಇನ್ನೊಂದು ಬದಿಗೆ ಗೂಟಕ್ಕೆ ಕಟ್ಟಿ ಇಳಿಬಿಟ್ಟ ಹಗ್ಗ, ಅದರ ತುದಿಗೆ ಹಳೆಯ ಟೈರು. ಎಲ್ಲೂ ವಾಸನೆಯಿಲ್ಲ, ನೊಣವಿಲ್ಲ, ನಾಯಿಯಿಲ್ಲ. ನನ್ನ ಕಣ್ಣು ತುಂಬಿ ಬಂತು.

ಬೇಲಿಯ ಬಾಗಿಲು ತೆರೆದೇ ಇತ್ತು. ದಂಡೆಯ ಮೇಲೆ ನಿಂತು ಶುರುಮಾಡಿದೆ. ಓಣಿಯ ತುದಿಮನೆಯ ಸೊಸೆ ರೇಖಾ ಫೋನು ಹಿಡಿದು ವಿಡಿಯೋ ತೆಗೆಯತೊಡಗಿದಳು. ಬರಲಾಗದವರು ಓಣಿಯ ವಾಟ್ಸಾಪ್ ಗುಂಪಿನಲ್ಲಿ ನೋಡಲಿ ಎಂದು ನಾನೇ ಹೇಳಿದ್ದೆ. ಇನ್ನು ಮುಂದೆ ನಮ್ಮ ಊರಿನ ಕಸವೆಲ್ಲ ಬಂದು ಬೀಳುವುದು ಇಲ್ಲಿಯೇ ಎಂದು ಕೈ ಚಾಚಿ ಹೇಳಿದೆ. ಆ ಪೈಪು ವಿಷದ ರಸ ಹೊರಗೆ ಒಯ್ಯಲು ಎಂದೆ. ಬೇಲಿ ನಾಯಿಗಳು ಬರದಿರಲು. ಟೈರು ಕಟ್ಟಿದ ಹಗ್ಗ ಯಾಕೆ ಎಂದು ಒಬ್ಬರು ಕೇಳಿದರು. ಅದು ನಾನು ಓದಿದ್ದರಲ್ಲಿ ಇರಲಿಲ್ಲ. ಕಸದ ಆಳ ಅಳೆಯಲು ಎಂದೆ.

ಶಾಂತಕ್ಕ ಮಾತ್ರ ಒಪ್ಪಲಿಲ್ಲ. ಇಷ್ಟು ತೆಳ್ಳಗಿನ ಹಾಳೆ ರಸ ಹೇಗೆ ತಡೆದೀತು ಎಂದಳು. ಮಾತಿನಿಂದ ತಿಳಿಯದವರಿಗೆ ಪ್ರಯೋಗದಿಂದ ತೋರಿಸಬೇಕು ಎನ್ನುವುದು ನನ್ನ ಬೋಧನೆಯ ತತ್ವ. ಅವಳ ಬಕೆಟ್ಟು ಕಸಿದುಕೊಂಡು ಹಾಸಿನ ಮೇಲೆ ಸುರಿದೆ. ಹುಳಿ ಮಜ್ಜಿಗೆ, ಚಹಾದ ಚರಟ, ಈರುಳ್ಳಿ ಸಿಪ್ಪೆ, ಡೈಪರು ಎಲ್ಲ ಒಂದರ ಹಿಂದೊಂದು ಜಾರುತ್ತ ತಳ ಮುಟ್ಟಿದವು. ನೋಡಿ, ಒಂದು ಹನಿಯೂ ಕೆಳಗೆ ಇಳಿಯಲಿಲ್ಲ ಎಂದೆ. ರೇಖಾ ಅಲ್ಲಿಗೆ ವಿಡಿಯೋ ನಿಲ್ಲಿಸಿ ಗುಂಪಿಗೆ ಕಳಿಸಿದಳು.

ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಗಂಡ ಹೆಂಡತಿ ಇಬ್ಬರೂ ಹೊಸ ಬಟ್ಟೆಯಲ್ಲಿದ್ದರು. ಅವನ ಹೆಸರು ಲಕ್ಕಪ್ಪ, ಅವಳು ನಿಂಗವ್ವ ಎಂದು ಆಮೇಲೆ ತಿಳಿಯಿತು. ಅವಳ ಕೈಯಲ್ಲಿ ಮುಚ್ಚಿದ ಬುಟ್ಟಿ. ಇವರು ಇಲ್ಲಿನ ಕೆಲಸಗಾರರು ಎಂದು ನಾನು ತಿಳಿದೆ. ಇಷ್ಟೊಂದು ಹೆಂಗಸರು ಸಾಲಾಗಿ ನಿಂತದ್ದು ಕಂಡು ಅವನು ನಮ್ಮನ್ನು ಹೊಂಡ ತಪಾಸಣೆಗೆ ಬಂದ ಸರಕಾರಿ ಮಂದಿ ಎಂದು ತಿಳಿದ. ಕೈಮುಗಿದ. ಬಹಳ ಚೊಕ್ಕಟ ಇಟ್ಟಿದ್ದೀರಿ ಎಂದೆ. ಅವನು ಇನ್ನೊಮ್ಮೆ ಕೈಮುಗಿದ. ಇದು ಎಷ್ಟು ದಿನಕ್ಕೆ ಆದೀತು ಎಂದು ಕೇಳಿದೆ. ಒಮ್ಮೆ ತುಂಬಿದರೆ ಎರಡು ತಿಂಗಳಿಗೆ ಚಿಂತೆಯಿಲ್ಲ ಎಂದ. ಎರಡೇ ತಿಂಗಳಾದರೆ ಆಮೇಲೆ ಊರ ಕಸ ಎಲ್ಲಿಗೆ ಎಂದು ನನಗೆ ಚಿಂತೆಯಾಯಿತು. ಯಾವಾಗಿನಿಂದ ತುಂಬುತ್ತೀರಿ ಎಂದೆ. ಇವತ್ತೇ, ಪೂಜೆ ಮಾಡಿ ಬಿಡುತ್ತೇವೆ ಎಂದ. ಕಸಕ್ಕೂ ಪೂಜೆ ಮಾಡುವ ಅವನ ಸಂಸ್ಕಾರಕ್ಕೆ ನಾನು ಮನಸ್ಸಿನಲ್ಲೇ ನಮಿಸಿ ಇನ್ನೊಂದು ಪ್ರಶ್ನೆ ಕೇಳಿದೆ.

"ತುಂಬಿದ ಮ್ಯಾಲ ವಾಸನಿ ಬರಂಗಿಲ್ಲೇನಪಾ?"

"ನೀರಿಗಿ ಎಂಥಾ ವಾಸನಿರೀ ಅಕ್ಕಾರ?"

ಆ ಕ್ಷಣ ನನ್ನ ತಲೆಯಲ್ಲಿದ್ದ ಜೇಡಿಮಣ್ಣು, ಪೈಪು, ಹಾಸು ಎಲ್ಲ ಒಟ್ಟಿಗೆ ಕುಸಿದವು. ಅದು ಅವನ ಕೃಷಿ ಹೊಂಡ. ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಂಡು ಬೇಸಿಗೆಯಲ್ಲಿ ಕಾಯಿಪಲ್ಲೆಗೆ ಹಾಯಿಸಲು ಗಂಡ ಹೆಂಡತಿ ವರ್ಷಪೂರ್ತಿ ಒದ್ದಾಡಿ ಮಾಡಿಸಿದ್ದು. ಅಂದು ಮೊದಲ ನೀರು. ನಿಂಗವ್ವ ಬುಟ್ಟಿಯಿಂದ ಅರಿಶಿನ, ಹೂವು, ಕಾಯಿ ತೆಗೆಯುತ್ತ ದಂಡೆಗೆ ಬಂದು ಕೆಳಗೆ ನೋಡಿದಳು. ಹೂವನ್ನು ಮತ್ತೆ ಬುಟ್ಟಿಯೊಳಗೆ ಇಟ್ಟಳು. ಅವಳು ಬಯ್ದಿದ್ದರೆ ನನಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

ತಪ್ಪಾಯಿತು, ನಾನೇ ತೆಗೆಯುತ್ತೇನೆ ಎಂದು ಚಪ್ಪಲಿ ಬಿಟ್ಟು ಹಾಸಿನ ಮೇಲೆ ಕಾಲಿಟ್ಟೆ. ಲಕ್ಕಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ ನಾನು ತಳದಲ್ಲಿದ್ದೆ, ಡೈಪರಿನ ಪಕ್ಕದಲ್ಲಿ. ಹಾಸಿನ ಇಳಿಜಾರು ಎಷ್ಟು ನುಣುಪು ಎಂದರೆ ಇಳಿಯಲು ಒಂದು ಉಸಿರು ಸಾಕು, ಹತ್ತಲು ದಾರಿಯೇ ಇಲ್ಲ. ಕಸವನ್ನೆಲ್ಲ ಸೆರಗಿಗೆ ತುಂಬಿಕೊಂಡು ನಾಲ್ಕೂ ಬದಿಗೆ ಹತ್ತಲು ನೋಡಿದೆ. ನಾಲ್ಕೂ ಬದಿಯಿಂದ ಮಜ್ಜಿಗೆಯ ಮೇಲೆ ಜಾರಿ ವಾಪಸು ಬಂದೆ. ಕಡೆಗೆ ಆಳ ಅಳೆಯುವ ಟೈರನ್ನು ನನ್ನತ್ತ ಎಸೆದರು. ಅದು ಬಿದ್ದವರನ್ನು ಎಳೆಯಲು ಇರುವಂಥದು. ನಾನು ಟೈರಿನೊಳಗೆ ಕುಳಿತೆ, ಅವರು ಎಳೆದರು.

ನಾನು ಮೇಲೆ ಬರುವ ಹೊತ್ತಿಗೆ ದಂಡೆಯ ಮೇಲೆ ಊರೇ ನಿಂತಿತ್ತು. ನಮ್ಮ ಓಣಿಯ ಗುಂಪಿನಿಂದ ವಿಡಿಯೋ ಹೇಗೋ ಮಸಗುಪ್ಪಿಗೆ ಮುಟ್ಟಿತ್ತು. ಊರ ಕಸವೆಲ್ಲ ಇನ್ನು ಇಲ್ಲಿಯೇ ಎಂದು ನಾನು ಕೈ ಚಾಚಿ ಹೇಳಿದ್ದನ್ನು ಎಲ್ಲರೂ ನೋಡಿದ್ದರು. ಲಕ್ಕಪ್ಪ ಗುಟ್ಟಾಗಿ ಹೊಲ ಮಾರಿ ಊರಿಗೆ ಕಸ ತರಿಸುತ್ತಿದ್ದಾನೆ ಎಂದು ಸುದ್ದಿ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಬಾಜೂ ಹೊಲ ಅವನ ಅಣ್ಣ ಯಲ್ಲಪ್ಪನದು. ಅವನು ಮುಂದೆ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಮಾರೂದಕ್ಕ ಮದ್ಲ ನನಗ ಒಂದ ಮಾತ ಕೇಳಬೇಕಿತ್ತಲ್ಲೋ ತಮ್ಮಾ."

ಪೂಜೆಗೆಂದು ತೊಟ್ಟ ಹೊಸ ಅಂಗಿಯಲ್ಲಿ ಲಕ್ಕಪ್ಪ ಕಳ್ಳನ ಹಾಗೆ ನಿಂತಿದ್ದ.

ನಾನು ಟೈರಿನಿಂದ ಎದ್ದು ಎಲ್ಲವನ್ನೂ ಹೇಳಿದೆ. ಇದು ಕಸದ ಗುಂಡಿಯಲ್ಲ, ನಾನು ತಪ್ಪು ತಿಳಿದೆ, ಈ ಮನುಷ್ಯನನ್ನು ನಾನು ಇಂದೇ ಮೊದಲು ಕಂಡದ್ದು. ಯಾರೂ ನಂಬಲಿಲ್ಲ. ಹಿಂದಿನಿಂದ ಒಬ್ಬ ಯುವಕ ನನ್ನನ್ನು ಗುರುತು ಹಿಡಿದ. ನನ್ನ ಹಳೆಯ ವಿದ್ಯಾರ್ಥಿ.

"ಇವ್ರು ನಮ್ಮ ಸೈನ್ಸ್ ಬಾಯಾರ. ತಿಳೀದ ಒಂದ ಮಾತ ಸೈತ ಆಡೂ ಮಂದಿ ಅಲ್ಲ. ಈಗ ಅಂಜಿ ಹಿಂಗ ಹೇಳಾಕತ್ತಾರ."

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ಸಭೆಯಲ್ಲಿ ಶಾಲು ಹೊದಿಸಿ ಹೇಳಬೇಕಾದ ಮಾತು. ಅದು ಬಂದದ್ದು ಸೆರಗಿನಲ್ಲಿ ಡೈಪರು ಹಿಡಿದು ನಿಂತಾಗ. ನಾನು ದಡ್ಡಿ ಎಂದು ನಾನೇ ಹೇಳಿಕೊಳ್ಳುತ್ತಿದ್ದೇನೆ, ನನ್ನ ಮರ್ಯಾದೆ ಅಡ್ಡ ನಿಂತಿದೆ. ಬೇರೆ ದಾರಿ ತೋಚದೆ ಶಾಂತಕ್ಕನ ಕಡೆ ನೋಡಿದೆ. ನನ್ನ ಬಗ್ಗೆ ಖರೆ ಹೇಳಬಲ್ಲವಳು ಅವಳೊಬ್ಬಳೇ.

ಶಾಂತಕ್ಕ ಖಾಲಿ ಬಕೆಟ್ಟು ಕೆಳಗಿಟ್ಟು ಮುಂದೆ ಬಂದಳು.

"ಬಾಯಾರಿಗೆ ಏನೂ ಗೊತ್ತಿಲ್ರಿ. ಗೊತ್ತಿಲ್ದನ ಇಷ್ಟ ಚಂದ ಹೇಳ್ತಾರ. ಹೋದ ವರ್ಷ ಮನ್ಯಾಗ ಗೊಬ್ಬರ ಮಾಡೂದು ಕಲಸ್ತೇನಿ ಅಂತ ಹೇಳಿ ನಮ್ಮ ಓಣಿ ಎಲ್ಲಾರ ಅಡಗಿ ಮನ್ಯಾಗ ಹುಳಾ ಎಬ್ಬಿಸ್ಯಾರ."

ಅಷ್ಟಕ್ಕೆ ನಿಲ್ಲಿಸಲಿಲ್ಲ. ಸೋಲಾರ್ ಕುಕ್ಕರಿನಲ್ಲಿ ನಾನು ಬೇಯಿಸಿದ ಬೇಳೆ ಮರುದಿನವೂ ಬೇಯದೆ ಉಳಿದದ್ದು, ನೀರು ಶುದ್ಧಮಾಡಲು ಹಾಕಿದ ಪುಡಿಯಿಂದ ಓಣಿಯ ಬಿಳಿ ಬಟ್ಟೆಗಳೆಲ್ಲ ಬಣ್ಣ ತಿರುಗಿದ್ದು, ಎಲ್ಲ ಬಂದವು. ಉಳಿದ ಹೆಂಗಸರೂ ಸೇರಿಕೊಂಡು ಅವಳು ಮರೆತದ್ದನ್ನು ನೆನಪಿಸಿದರು. ರೇಖಾ ಮೊನ್ನೆ ಮೊನ್ನೆ ಬಂದ ಸೊಸೆ. ಅವಳಿಗೂ ಎರಡು ಗೊತ್ತಿದ್ದವು. ಜನರ ಮುಖ ಮೆತ್ತಗಾಗುತ್ತ ಬಂತು. ಕಡೆಗೆ ಹಳೆಯ ವಿದ್ಯಾರ್ಥಿಯೂ ತಲೆ ತಗ್ಗಿಸಿ, ಒಮ್ಮೆ ಪ್ರಯೋಗಶಾಲೆಯಲ್ಲಿ ನನ್ನಿಂದಾಗಿ ಇಡೀ ವರ್ಗ ಹೊರಗೆ ಓಡಿದ ಸಂಗತಿಯನ್ನು ಒಪ್ಪಿಕೊಂಡ. ಅಲ್ಲಿಗೆ ಲಕ್ಕಪ್ಪನ ನಿರಪರಾಧಿತ್ವ ಸಾಬೀತಾಯಿತು.

ಯಲ್ಲಪ್ಪ ತನ್ನ ಹೊಲದ ಪಂಪು ಚಾಲೂ ಮಾಡಿ ಪೈಪು ಎಳೆದು ತಂದು, ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಇಳಿದು ಹಾಸು ತೊಳೆದ. ಲಕ್ಕಪ್ಪ ಮೇಲಿನಿಂದ ಹಗ್ಗ ಹಿಡಿದಿದ್ದ. ನಾನೂ ಇಳಿಯುತ್ತೇನೆ ಎಂದೆ. ಇಡೀ ಊರು ಒಂದೇ ದನಿಯಲ್ಲಿ ಬೇಡ ಎಂದಿತು. ನಿಂಗವ್ವ ಆಮೇಲೆ ಪೂಜೆ ಮಾಡಿದಳು. ಎಲ್ಲರಿಗೂ ಕೊಬ್ಬರಿ ಕೊಟ್ಟಳು, ನನಗೂ ಕೊಟ್ಟಳು; ಆದರೆ ನನ್ನ ಮುಖ ನೋಡಲಿಲ್ಲ. ನಾಲ್ಕೈದು ನಿಮಿಷದ ಮಟ್ಟಿಗಾದರೂ ಅಣ್ಣ ತಮ್ಮನನ್ನು ಹಾಗೆ ಅನುಮಾನದಿಂದ ನೋಡಿದ್ದು ನನ್ನಿಂದ. ಅದನ್ನು ತೊಳೆಯುವ ಪಂಪು ನನ್ನ ಬಳಿ ಇರಲಿಲ್ಲ.

ಬರುವಾಗ ಟಂಟಂನಲ್ಲಿ ಯಾರೂ ನನ್ನ ಪಕ್ಕ ಕೂಡಲಿಲ್ಲ. ವಾಸನೆ ನನ್ನಿಂದಲೇ ಬರುತ್ತಿತ್ತು. ಮನೆಯವರು ಬಾಗಿಲು ತೆರೆದು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಸ್ನಾನಕ್ಕೆ ನೀರು ಕಾಸಿದೆ ಎಂದರು. ಅವರೂ ಓಣಿಯ ವಾಟ್ಸಾಪ್ ಗುಂಪಿನಲ್ಲಿದ್ದರು.

ಒಂದು ವಾರ ನಾನು ಕಸ ಕೊಡಲು ಹೊರಗೆ ಬರಲಿಲ್ಲ, ಮನೆಯವರೇ ಕೊಟ್ಟರು. ಎಂಟನೆಯ ದಿನ ಧೈರ್ಯ ಮಾಡಿ ಬಂದಾಗ ಆಶ್ಚರ್ಯ ಕಾದಿತ್ತು. ಪ್ರತಿ ಮನೆಯ ಮುಂದೆ ಎರಡೆರಡು ಬಕೆಟ್. ಶಾಂತಕ್ಕನ ಬಾಗಿಲಲ್ಲಿ ಮೂರು, ಡೈಪರಿಗೆ ಬೇರೆಯದು. ವರ್ಷಗಟ್ಟಲೆ ವಾದ ಮಾಡಿದ್ದು ವ್ಯರ್ಥವಾಗಲಿಲ್ಲ, ನಾನು ಹಾಸ್ಯಕ್ಕೆ ಗುರಿಯಾದರೂ ವಿಷಯ ಗೆದ್ದಿತು ಎಂದು ಹಿಗ್ಗಿದೆ. ಏನು ನೋಡಿ ಮನಸ್ಸು ಬದಲಾಯಿತು ಎಂದು ಶಾಂತಕ್ಕನನ್ನು ಕೇಳಿದೆ. ಅವಳು ಮರ್ಯಾದೆಯಿಂದಲೇ ಹೇಳಿದಳು:

"ಓಣಿಯವರೆಲ್ಲಾ ಕೂಡಿ ಮಾತಾಡೇವ್ರಿ ಬಾಯಾರ. ನೀವು ಹೇಳಿದಂಗ ಬ್ಯಾರೆ ಬ್ಯಾರೆ ಮಾಡ್ತೇವಿ. ನೀವು ಮಾತ್ರ ನಮ್ಮನ್ನ ಮತ್ತ ಎಲ್ಲಿಗೂ ಕರ್ಕೊಂಡ ಹೋಗಬ್ಯಾಡ್ರಿ."